ಕೂರಬಾರದ ಕುರ್ಚಿ, ತೊಳೆಯಬಾರದ ಪರದೆ

ಸರಳ ಬದುಕು ಬಹಳ ದುಬಾರಿ. ನಂಬಿಕೆ ಬರದಿದ್ದರೆ 1988ರ ಒಂದು ಹರಾಜಿನ ಲೆಕ್ಕ ನೋಡಿ. ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ಓಕ್ ಮರದ ಒಂದು ಸೈಡ್‌ಬೋರ್ಡ್ ಮಾರಾಟಕ್ಕೆ ಬಂತು. ಊಟದ ಕೋಣೆಯಲ್ಲಿ ತಟ್ಟೆ ಲೋಟ ಇಡುವ ಬೀರು, ಅಷ್ಟೆ. ಕೆತ್ತನೆ ಇಲ್ಲ, ಚಿನ್ನದ ಲೇಪ ಇಲ್ಲ. ಮಾಡಿಸಿದವನು ಅಮೆರಿಕದ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿ. ತನ್ನ ಸ್ವಂತ ಮನೆಗೆಂದೇ ಮಾಡಿಸಿಕೊಂಡಿದ್ದ. ನಟಿ, ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ 3,63,000 ಡಾಲರ್ ಕೊಟ್ಟು ಅದನ್ನು ಕೊಂಡರು. 1999ರಲ್ಲಿ ಮತ್ತೆ ಹರಾಜಿಗೆ ಇಟ್ಟಾಗ ಬಂದದ್ದು 5,96,500 ಡಾಲರ್. ಆ ದುಡ್ಡಿಗೆ ಒಂದು ಮನೆಯನ್ನೇ ಕೊಂಡು, ತಟ್ಟೆಗಳನ್ನು ಅದರೊಳಗೆ ಇಡಬಹುದಿತ್ತು.

ಈ ಸ್ಟಿಕ್ಲಿ ಸಾರಿದ್ದೇನು ಗೊತ್ತಾ? ಸಾಮಾನ್ಯ ಜನರ ಮನೆಗೆ ಗಟ್ಟಿಮುಟ್ಟಾದ, ಆಡಂಬರವಿಲ್ಲದ ಸಾಮಾನು ಬೇಕು ಎಂದು. 1901ರಿಂದ 1916ರವರೆಗೆ ‘ದಿ ಕ್ರಾಫ್ಟ್ಸ್‌ಮನ್’ ಎಂಬ ಪತ್ರಿಕೆ ನಡೆಸಿ ಇದನ್ನೇ ಹೇಳಿದ. ಬರೀ ಹೇಳಿ ಸುಮ್ಮನಾಗಲಿಲ್ಲ. ಮೇಜು ಕುರ್ಚಿಗಳ ನಕ್ಷೆಯನ್ನೂ ಅಚ್ಚು ಹಾಕಿ, ನೀವೇ ಮನೆಯಲ್ಲಿ ಮಾಡಿಕೊಳ್ಳಿ ಎಂದ. ಎಷ್ಟೋ ಜನ ಮಾಡಿಕೊಂಡರು ಕೂಡ. ಹೀಗೆ ಅವನ ಮಾತನ್ನು ಅಕ್ಷರಶಃ ಪಾಲಿಸಿದವರು ತಮ್ಮ ಕೈಯಿಂದಲೇ ಮಾಡಿದ ಆ ಮೇಜನ್ನು ಇವತ್ತು ಸಂಗ್ರಹಕಾರನ ಮುಂದೆ ಇಟ್ಟು ನೋಡಿ. ಮೂಗು ಮುರಿಯುತ್ತಾನೆ. ಅದರಲ್ಲಿ ಸ್ಟಿಕ್ಲಿಯ ಕಾರ್ಖಾನೆಯ ಚೀಟಿ ಇಲ್ಲವಲ್ಲ!

ಚೀಟಿಯೇ ಮುಖ್ಯ. ಯಂತ್ರದ ಅಗ್ಗದ ಮಾಲು ಬೇಡ, ಕೈಕೆಲಸದ ಸರಳ ಸಾಮಾನು ಬೇಕು ಎಂದ ಚಳವಳಿಯ ಹೆಸರು ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’. ಆ ಶೈಲಿಯ ಕುರ್ಚಿಯನ್ನು ನೋಡುವ ಕ್ರಮ ಬೇರೆ. ಮೊದಲು ಅದನ್ನು ತಲೆಕೆಳಗು ಮಾಡಬೇಕು. ಆಮೇಲೆ ಟಾರ್ಚ್ ಹಿಡಿದು ಅದರ ಅಡಿಯಲ್ಲಿ ತೂರಿಕೊಂಡು, ಬಡಗಿಯ ಕೈವಾರದ ಗುರುತಿರುವ ಸ್ಟಿಕ್ಲಿಯ ಕೆಂಪು ಮುದ್ರೆ ಉಳಿದಿದೆಯಾ ಎಂದು ಹುಡುಕಬೇಕು. ಸಿಕ್ಕರೆ ಕುರ್ಚಿ ಚೆನ್ನಾಗಿದೆ. ಸಿಗದಿದ್ದರೆ ‘ಆ ಶೈಲಿಯದ್ದು’ ಅಂತ ಬರೆದು ಮೂಲೆಗೆ ತಳ್ಳುತ್ತಾರೆ. ಕೂತರೆ ಬೆನ್ನಿಗೆ ಹಿತವಾ ಅಂತ ಕೇಳಿದಿರೋ, ನೀವು ಹೊಸಬರು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಈ ಚಳವಳಿಯ ಮೂಲಪುರುಷ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್. ಪರದೆ, ಗೋಡೆಕಾಗದ, ಪೀಠೋಪಕರಣ ಮಾರುವ ಕಂಪನಿ ನಡೆಸಿದವನು. ಉಪಯೋಗಕ್ಕೆ ಬರುತ್ತದೆಂದು ನಿಮಗೆ ಗೊತ್ತಿರುವ, ಅಥವಾ ಸುಂದರವೆಂದು ನೀವು ನಂಬುವ ವಸ್ತುವನ್ನು ಬಿಟ್ಟು ಬೇರೇನನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು 1880ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಭಾಷಣದಲ್ಲಿ ಹೇಳಿದವನು. ಆ ಮಾತನ್ನು ಈಗ ಚೀನಿ ಮಗ್ಗಿನ ಮೇಲೆ, ಅಡುಗೆಮನೆ ಟವೆಲ್ಲಿನ ಮೇಲೆ, ಗೋಡೆಗೆ ನೇತುಹಾಕುವ ಹಲಗೆಯ ಮೇಲೆ ಮುದ್ರಿಸಿ ಮಾರುತ್ತಾರೆ. ಆ ಹಲಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಸುಂದರವಾಗಿಯೂ ಇರುವುದಿಲ್ಲ.

ಮಾರಿಸ್ ಮಹಾಶಯನ ಪೇಚು ಅವನ ಕಾಲದಲ್ಲೇ ಶುರುವಾಗಿತ್ತು. ಸರ್ ಲೋಥಿಯನ್ ಬೆಲ್ ಎಂಬ ಕಬ್ಬಿಣದ ಧಣಿಯ ಬಂಗಲೆಯನ್ನು ಅಲಂಕರಿಸುತ್ತಿದ್ದಾಗ ಇವನು ಸಿಟ್ಟಿನಿಂದ ಅತ್ತಿಂದಿತ್ತ ಓಡಾಡುತ್ತಿದ್ದನಂತೆ. ಏನಾಯಿತಪ್ಪಾ ಎಂದು ಧಣಿ ಕೇಳಿದರೆ, ಶ್ರೀಮಂತರ ಹಂದಿಭೋಗಕ್ಕೆ ಸೇವೆ ಮಾಡುವುದರಲ್ಲೇ ನನ್ನ ಜೀವನ ಕಳೆದುಹೋಗುತ್ತಿದೆ ಅಂದನಂತೆ. ಬಿಲ್ಲು ಕೊಡಬೇಕಾದ ಗಿರಾಕಿಯ ಎದುರಿಗೇ! ಗಿರಾಕಿ ಬೇಸರಪಟ್ಟುಕೊಂಡನೋ ಇಲ್ಲವೋ, ವ್ಯಾಪಾರವಂತೂ ನಿಲ್ಲಲಿಲ್ಲ. ಮುಂದೆ 1883ರಲ್ಲಿ ಮಾರಿಸ್ ಸಮಾಜವಾದಿ ಸಂಘಟನೆಗೆ ಸೇರಿದ. ಬೀದಿಯಲ್ಲಿ ನಿಂತು ಭಾಷಣ ಮಾಡಿದ. ಅಂಗಡಿಯೂ ನಡೆಯುತ್ತಲೇ ಇತ್ತು.

ಅವನನ್ನು ಸುಮ್ನೆ ಆಡಿಕೊಳ್ಳುವುದೂ ತಪ್ಪು. ಕೈಕೆಲಸದವನಿಗೆ ನ್ಯಾಯವಾದ ಕೂಲಿ ಕೊಟ್ಟು, ಒಳ್ಳೆ ಮರ, ಒಳ್ಳೆ ಬಣ್ಣ ಹಾಕಿದರೆ ಬೆಲೆ ಏರುತ್ತದೆ. ಬೆಲೆ ಏರಿದರೆ ಕೂಲಿಯವನು ಕೊಳ್ಳಲಾರ. ಈ ಗಂಟನ್ನು ಯಾರೂ ಬಿಚ್ಚಲಿಲ್ಲ. ಮಾರಿಸ್‌ನ ಹಾದಿ ಹಿಡಿದ ಇಂಗ್ಲೆಂಡಿನ ವಿನ್ಯಾಸಕಾರ ಸಿ.ಆರ್. ಆಶ್‌ಬಿ 1902ರಲ್ಲಿ ತನ್ನ ಕುಶಲಕರ್ಮಿಗಳ ಸಂಘವನ್ನು ಲಂಡನ್ನಿನ ಈಸ್ಟ್ ಎಂಡ್‌ನಿಂದ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಹಳ್ಳಿಯಂಥ ಊರಿಗೆ ಕರೆದುಕೊಂಡು ಹೋದ. ಕೆಲವೇ ವರ್ಷಗಳಲ್ಲಿ ಸಂಘ ಬಾಗಿಲು ಹಾಕಿತು. ಅತ್ತ ಅಮೆರಿಕದ ಸ್ಟಿಕ್ಲಿ 1913ರಲ್ಲಿ ಸರಳತೆಯ ಪ್ರಚಾರಕ್ಕೆಂದು ನ್ಯೂಯಾರ್ಕಿನಲ್ಲಿ ಹನ್ನೆರಡು ಮಹಡಿಯ ಕಟ್ಟಡ ಹಿಡಿದ. 1915ರಲ್ಲಿ ದಿವಾಳಿ. ಆಮೇಲೆ ಅವನ ಕುರ್ಚಿ ಮೇಜುಗಳು ಅಟ್ಟ ಸೇರಿದವು. 1972ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಈ ಶೈಲಿಯ ವಸ್ತುಗಳ ಒಂದು ಪ್ರದರ್ಶನ ಆಯಿತು ನೋಡಿ, ಅಟ್ಟದಿಂದ ಇಳಿಸುವ ಕೆಲಸ ಶುರುವಾಯಿತು.

ಇಳಿಸಿ ಏನು ಮಾಡಬೇಕು? ಒರೆಸಬೇಕು ಅಂದುಕೊಂಡಿರಾ? ಕೈ ಮುಟ್ಟಬೇಡಿ! ಓಕ್ ಮರವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಅಮೋನಿಯಾ ಆವಿ ಹಾಯಿಸಿದರೆ, ಮರದ ಒಗರು ಅದರ ಜೊತೆ ಸೇರಿ ಕಂದು ಬಣ್ಣ ಬರುತ್ತದೆ. ಕುದುರೆ ಲಾಯದ ತೊಲೆಗಳು ಕಪ್ಪಾಗಿದ್ದನ್ನು ಕಂಡು ಈ ಉಪಾಯ ಹೊಳೆಯಿತು ಎಂದು ಕಥೆ ಹೇಳುತ್ತಾರೆ. ಕುದುರೆ ಏನು ಮಾಡಿದ್ದರಿಂದ ತೊಲೆ ಕಪ್ಪಾಯಿತು ಎನ್ನುವುದನ್ನು ಹರಾಜಿನ ಪಟ್ಟಿಯಲ್ಲಿ ಬರೆಯುವುದಿಲ್ಲ. ಆ ಮೂಲ ಬಣ್ಣ, ಅದರ ಮೇಲೆ ನೂರು ವರ್ಷದ ಸಿಗಾರ್ ಹೊಗೆ, ಕಾಫಿ ಕಲೆ, ಮೊಣಕೈ ಜಿಡ್ಡು, ಎಲ್ಲ ಸೇರಿ ‘ಒರಿಜಿನಲ್ ಫಿನಿಶ್’. ಯಾರಾದರೂ ಪುಣ್ಯಾತ್ಮರು ಉಪ್ಪುಕಾಗದ ಹಿಡಿದು ಉಜ್ಜಿ, ಹೊಸದಾಗಿ ಪಾಲಿಶ್ ಹಾಕಿಸಿದ್ದರೆ ಮುಗಿಯಿತು. ಬೆಲೆ ಧಡ್ ಎಂದು ಬೀಳುತ್ತದೆ. ನಿಮ್ಮ ಮನೆಯ ಮೇಜಿನ ಮೇಲೆ ಇದ್ದರೆ ಅದು ಕೊಳೆ. ಸ್ಟಿಕ್ಲಿಯ ಮೇಜಿನ ಮೇಲೆ ಇದ್ದರೆ ‘ಪಟಿನಾ’.

ಇನ್ನು ಈ ಶೈಲಿಯ ದೊಡ್ಡ ಹೆಮ್ಮೆ ಪ್ರಾಮಾಣಿಕತೆ. ಒಂದು ಮರದ ತುದಿಯನ್ನು ಇನ್ನೊಂದರ ತೂತಿನಲ್ಲಿ ತೂರಿಸಿ, ಆಚೆ ಬದಿಗೆ ಕಾಣುವಂತೆ ಬಿಡುತ್ತಾರೆ. ಜೋಡಣೆಯನ್ನು ಮುಚ್ಚಿಡುವುದಿಲ್ಲ, ನಾವು ನಿಮ್ಮಿಂದ ಏನನ್ನೂ ಬಚ್ಚಿಡುವುದಿಲ್ಲ ಎಂದು ಅದರ ಅರ್ಥ. ಜನ ಇದನ್ನು ಮೆಚ್ಚುತ್ತಾರೆ ಎಂದು ಗೊತ್ತಾದ ಕೂಡಲೇ ಅಗ್ಗದ ಮಾಲು ಮಾಡುವವರು ಮರದ ತುಂಡುಗಳನ್ನು ಹೊರಗಿನಿಂದ ಅಂಟಿಸತೊಡಗಿದರು. ಒಳಗೆ ಜೋಡಣೆಯೇ ಇಲ್ಲ, ಹೊರಗೆ ಪ್ರಾಮಾಣಿಕತೆ ಮಾತ್ರ ಎದ್ದು ಕಾಣುತ್ತದೆ. ಪ್ರಜಾಪ್ರಭುತ್ವದಲ್ಲಿ ಬಾಳಿದ ನಮಗೆ ಇದೇನು ಹೊಸದಲ್ಲ, ಅಲ್ವಾ?

ಬಟ್ಟೆಯ ಕಥೆ ಇನ್ನೂ ಚೆಂದ. ಮಾರಿಸ್‌ನ ‘ಸ್ಟ್ರಾಬೆರಿ ಥೀಫ್’ ವಿನ್ಯಾಸ 1883ರದ್ದು. ಅವನ ಕೆಲ್ಮ್‌ಸ್ಕಾಟ್ ಮನೆಯ ತೋಟದಲ್ಲಿ ಹಕ್ಕಿಗಳು ಹಣ್ಣು ಕದಿಯುತ್ತಿದ್ದುದನ್ನು ನೋಡಿ ಬರೆದದ್ದು. ಬಟ್ಟೆಯನ್ನು ಪೂರ್ತಿ ನೀಲಿಯಲ್ಲಿ ಅದ್ದಿ, ಬೇಕಾದ ಕಡೆ ಬಣ್ಣ ತೆಗೆದು, ಅಲ್ಲಿ ಕೆಂಪು, ಹಳದಿ ತುಂಬಬೇಕು. ದಿನಗಟ್ಟಲೆ ಹಿಡಿಯುವ ಕೆಲಸ. ಈ ನೀಲಿಯ ಪಾಠಕ್ಕೆಂದು ಅವನು ಲೀಕ್ ಊರಿನ ಥಾಮಸ್ ವಾರ್ಡ್ಲ್‌ನ ಬಣ್ಣದ ಕಾರ್ಖಾನೆಯಲ್ಲಿ ತೊಟ್ಟಿಗೆ ಕೈಹಾಕಿ ನಿಂತಿದ್ದ. ವಾರ್ಡ್ಲ್ ನಮ್ಮ ದೇಶದ ಟಸ್ಸಾರ್ ರೇಷ್ಮೆ, ನಮ್ಮ ಗಿಡಮೂಲದ ಬಣ್ಣಗಳ ಹಿಂದೆ ಬಿದ್ದವನು, ಇಂಡಿಯಾಕ್ಕೂ ಬಂದು ಹೋದವನು. ಇಂಗ್ಲಿಷರ ವ್ಯಾಪಾರದಿಂದ ಇಂಡಿಯಾದ ಕೈಕಸುಬು ಹಾಳಾಗುತ್ತಿದೆ ಎಂದು ಮಾರಿಸ್ ಭಾಷಣದಲ್ಲಿ ನೊಂದುಕೊಂಡದ್ದೂ ಉಂಟು. ನಮ್ಮ ನೇಕಾರ ಹಾಳಾದ. ಅವನಿಗಾಗಿ ನೊಂದವನ ಪರದೆಗೆ ಹರಾಜಿನಲ್ಲಿ ಪೈಪೋಟಿ ನಡೆಯುತ್ತಿದೆ.

ಇಷ್ಟು ಕಷ್ಟಪಟ್ಟು ಮಾಡಿದ ಪರದೆಯನ್ನು ಕೊಂಡವನು ಅದನ್ನು ಕಿಟಕಿಗೆ ಹಾಕುವ ಹಾಗಿಲ್ಲ. ಬೆಳಕು ಬಿದ್ದರೆ ಹಳದಿ ಹಾರಿಹೋಗುತ್ತದೆ, ಹಸಿರೆಲೆಗಳೆಲ್ಲ ನೀಲಿಯಾಗುತ್ತವೆ. ಒಗೆಯುವ ಮಾತೇ ಇಲ್ಲ. ಮಡಿಸಿದರೆ ಮಡಿಕೆಯಲ್ಲಿ ಹರಿಯುತ್ತದೆ, ಆದ್ದರಿಂದ ಕೊಳವೆಗೆ ಸುತ್ತಿ, ಆಮ್ಲ ಇಲ್ಲದ ಕಾಗದ ಹೊದಿಸಿ, ಕತ್ತಲ ಕೋಣೆಯಲ್ಲಿ ಮಲಗಿಸಬೇಕು. ನೋಡಲು ಬಂದವರು ಕೈಗವಸು ಹಾಕಿಕೊಂಡು, ಮಂದ ಬೆಳಕಿನಲ್ಲಿ, ಉಸಿರು ಬಿಗಿಹಿಡಿದು ನೋಡಬೇಕು. ಹಿಂದಿನ ಕಾಲದ ಅಜ್ಜಿಯರ ಮಡಿ ಇದರ ಮುಂದೆ ಏನೂ ಅಲ್ಲ. ಅಜ್ಜಿ ಆ ಮಡಿಸೀರೆಯನ್ನು ಉಡುತ್ತಿದ್ದಳು. ದಿನಾ ಒಗೆಯುತ್ತಲೂ ಇದ್ದಳು.

ಗೋಡೆಕಾಗದ ಸಂಗ್ರಹಿಸುವವರ ಧೈರ್ಯವಂತೂ ಮೆಚ್ಚಬೇಕಾದ್ದೇ. ಮಾರಿಸ್ ಕಂಪನಿಯ ಮೊದಮೊದಲ ಹಸಿರು ಕಾಗದಗಳ ಬಣ್ಣದಲ್ಲಿ ಇದ್ದದ್ದು ಪಾಷಾಣ, ಅಂದರೆ ಆರ್ಸೆನಿಕ್ ವಿಷ. ಮಾರಿಸ್ ಮನೆತನದ ದುಡ್ಡು ಬಂದದ್ದು ಡೆವನ್ ಗ್ರೇಟ್ ಕನ್ಸೋಲ್ಸ್ ಎಂಬ ತಾಮ್ರದ ಗಣಿಯ ಷೇರುಗಳಿಂದ. ಅದೇ ಗಣಿ ಮುಂದೆ ಪಾಷಾಣ ತೆಗೆಯುವುದರಲ್ಲೂ ಹೆಸರು ಮಾಡಿತು. ಕೆಲವು ವರ್ಷ ಇವನು ಅದರ ನಿರ್ದೇಶಕನೂ ಆಗಿದ್ದ. ಕಾಗದದಿಂದ ಜನರಿಗೆ ಕಾಯಿಲೆ ಬರುತ್ತಿದೆ ಎಂದು ವೈದ್ಯರು ಹೇಳಿದಾಗ, ಹಿಂದೆ ಜನರಿಗೆ ಮಾಟಗಾತಿಯರ ಭ್ರಮೆ ಹಿಡಿದಿದ್ದ ಹಾಗೆ ಇವರಿಗೂ ಹಿಡಿದಿದೆ ಎಂದು 1885ರಲ್ಲಿ ವಾರ್ಡ್ಲ್‌ಗೆ ಬರೆದ. ಈಗ ಅಂಥ ಕಾಗದದ ಒಂದು ಚೂರು ಸಿಕ್ಕರೂ ಗಾಜಿನ ಚೌಕಟ್ಟು ಹಾಕಿಸುತ್ತಾರೆ. ಉಪಯುಕ್ತವೂ ಅಲ್ಲದ, ಆರೋಗ್ಯಕ್ಕೂ ಆಗದ ವಸ್ತುವಿಗೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಗದು.

ಅಸಲಿ ಸಿಗದವರಿಗೂ ಚಿಂತೆಯಿಲ್ಲ. ವಿನ್ಯಾಸಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಆ ‘ಸ್ಟ್ರಾಬೆರಿ ಥೀಫ್’ ಹಕ್ಕಿ ಈಗ ಫೋನಿನ ಕವರಿನ ಮೇಲೆ, ಛತ್ರಿಯ ಮೇಲೆ, ಕೊರೋನಾ ಕಾಲದಲ್ಲಿ ಮಾಸ್ಕಿನ ಮೇಲೂ ಹಾರಾಡಿತು. ಯಂತ್ರಗಳ ಅಗ್ಗದ ಕೆಲಸ ಕಂಡು ಹೇಸಿದವನ ಹಕ್ಕಿಯನ್ನು ಯಂತ್ರಗಳು ಪಾಲಿಯೆಸ್ಟರಿನ ಮೇಲೆ ನಿಮಿಷಕ್ಕೆ ಮೀಟರುಗಟ್ಟಲೆ ಅಚ್ಚೊತ್ತುತ್ತಿವೆ. ಬ್ರಿಟಿಷ್ ನೌಕಾಪಡೆಯ ಅಣು ಜಲಾಂತರ್ಗಾಮಿಯ ಸೀಟಿಗೂ ಮಾರಿಸ್‌ನ ಗುಲಾಬಿ ಬಟ್ಟೆ ಹೊದಿಸಿದ್ದರು. ಸಮುದ್ರದಡಿಯಲ್ಲಿ ಕ್ಷಿಪಣಿಯ ಪಕ್ಕ ಕೂರುವವನಿಗೆ ಮನೆಯ ನೆನಪು ಬರಲಿ ಎಂದಿರಬೇಕು.

ಸಂಗ್ರಹಕಾರರಿಗೆ ಸಮ್ಮೇಳನವೂ ಉಂಟು. ಅಮೆರಿಕದ ಆಶ್‌ವಿಲ್‌ನ ಗ್ರೋವ್ ಪಾರ್ಕ್ ಇನ್ ಎಂಬ ಐಷಾರಾಮಿ ಹೋಟೆಲಿನಲ್ಲಿ 1988ರಿಂದ ಫೆಬ್ರುವರಿಗಳಲ್ಲಿ ಸೇರಿಕೊಂಡು ಬಂದಿದ್ದಾರೆ. ಸರಳತೆಯ ಬಗ್ಗೆ ಉಪನ್ಯಾಸ ಕೇಳಿ, ಊಟ ಮಾಡಿ, ಕೆಳಗಿನ ಮಳಿಗೆಗಳಲ್ಲಿ ಚೆಕ್ ಬರೆಯುತ್ತಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಅಲ್ಲಿಗೆ ಇನ್ನೂ ತಲುಪಿಲ್ಲ.

ಹಾಗಾದರೆ ಇವರು ಮನೆಯಲ್ಲಿ ಕೂರುವುದಾದರೂ ಎಲ್ಲಿ? ಒಳಗಿನ ಕೋಣೆಗೆ ಹೋಗಿ ನೋಡಿ. ಟಿವಿ ಎದುರು ಒಂದು ಐಕಿಯಾ ಸೋಫಾ ಇರುತ್ತದೆ. ಕಂಪನಿಯವರು ಅದನ್ನು ಎಲ್ಲರಿಗೂ ಎಟುಕುವ ಪ್ರಜಾಸತ್ತಾತ್ಮಕ ವಿನ್ಯಾಸ ಅನ್ನುತ್ತಾರೆ. ಕೊಂಡವನೇ ಸ್ಕ್ರೂ ತಿರುಗಿಸಿ, ತನ್ನ ಕೈಯಾರೆ ಜೋಡಿಸಿದ್ದು. ಮಕ್ಕಳು ಅದರ ಮೇಲೆ ಕುಣಿಯಬಹುದು, ನಾಯಿ ಮಲಗಬಹುದು, ಕಾಫಿ ಚೆಲ್ಲಿದರೆ ಕವರ್ ಬಿಚ್ಚಿ ಮೆಷಿನ್ನಿಗೆ ಹಾಕಿದರಾಯಿತು. ಅದರ ಮೇಲೆ ಕಾಲು ಚಾಚಿ ಕೂತೇ ನಮ್ಮ ಸಂಗ್ರಹಕಾರ ಮುಂದಿನ ಹರಾಜಿನ ಪಟ್ಟಿ ತಿರುವಿಹಾಕುತ್ತಾನೆ.