ಈರುಳ್ಳಿ ಬೆಲೆ ಏರಿದ ಕೂಡಲೇ ರಫ್ತಿಗೆ ಬೀಗ: ಸರಿಯಾ, ತಪ್ಪಾ?

ಪರ: ಹೆದರಲಿ ಬಿಡಿ
(ದೆಹಲಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಈಗ ಮೈಸೂರಿನಲ್ಲಿರುವವರು)

1998ರ ಅಕ್ಟೋಬರ್. ನಾವಾಗ ದೆಹಲಿಯ ಆರ್.ಕೆ. ಪುರಂ ಕ್ವಾರ್ಟರ್ಸ್‌ನಲ್ಲಿದ್ದೆವು. ನಾನು, ಮನೆಯಾಕೆ, ಇಬ್ಬರು ಮಕ್ಕಳು, ಊರಿಂದ ಬಂದಿದ್ದ ಅಮ್ಮ. ಈರುಳ್ಳಿ ಕೆಜಿಗೆ 40 ರೂಪಾಯಿ ದಾಟಿ 50ರ ಹತ್ತಿರ ಹೋಗಿತ್ತು. ಇವತ್ತಿನ ಐವತ್ತಲ್ಲ, ಆಗಿನ ಐವತ್ತು. ತರಕಾರಿಯವನು ಆಲೂಗಡ್ಡೆ, ಹೂಕೋಸನ್ನೆಲ್ಲ ಗಾಡಿ ಮೇಲೆ ಹರಡುತ್ತಿದ್ದ. ಈರುಳ್ಳಿ ಬುಟ್ಟಿ ಮಾತ್ರ ಅವನ ಕಾಲ ಹತ್ತಿರ. ಕಾಲು ಕೆಜಿ ಕೇಳಿದರೆ ಎರಡೂವರೆ ಗಡ್ಡೆ ಬರುತ್ತಿತ್ತು. ಆ ಅರ್ಧವನ್ನು ಅವನು ಚಾಕುವಿನಲ್ಲಿ ಕೊಯ್ದು ಕೊಡುತ್ತಿದ್ದ!

ಒಂದು ಬೆಳಿಗ್ಗೆ ಅಮ್ಮ ಎಲೆಕೋಸು ಹಾಕಿ ಉಪ್ಪಿಟ್ಟು ಮಾಡಿದರು. ಮಗ ಒಂದು ತುತ್ತು ತಿಂದು ತಟ್ಟೆ ದೂಡಿದ. ಅಮ್ಮ ಮಗುವಿಗೆ ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದರು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಮಗ ಒಂದು ಈರುಳ್ಳಿ ತರಲಾರನಾ ಅನ್ನುವ ನೋಟ ಅದು. ಇಷ್ಟು ವರ್ಷವಾದರೂ ಮರೆತಿಲ್ಲ.

ಪಕ್ಕದ ಬ್ಲಾಕ್‌ನ ಸರ್ದಾರ್ಜಿ ಮೇ ತಿಂಗಳಲ್ಲಿ ಪೋಖ್ರಾನ್ ಅಣುಬಾಂಬ್ ಪರೀಕ್ಷೆಯ ಖುಷಿಗೆ ಇಡೀ ಕಟ್ಟಡಕ್ಕೆ ಲಡ್ಡು ಹಂಚಿದ್ದರು. ನವೆಂಬರ್ 25ಕ್ಕೆ ಮತ ಹಾಕಿ, ಬೆರಳಿನ ಶಾಯಿ ತೋರಿಸಿ ಅಂದರು, "ಬಾಂಬನ್ನ ದಾಲ್‌ಗೆ ಹಾಕೋಕಾಗುತ್ತಾ ಸಾಬ್?" ಚುನಾವಣೆಗೆ ಆರೇಳು ವಾರ ಇರುವಾಗ ಬಿಜೆಪಿ ಮುಖ್ಯಮಂತ್ರಿಯನ್ನೇ ಬದಲಿಸಿ ಸುಷ್ಮಾ ಸ್ವರಾಜ್ ಅವರನ್ನು ಕೂರಿಸಿತ್ತು. ಪಾಪ, ಅವರಿಗೆ ಸಿಕ್ಕಿದ್ದು 52 ದಿನ. ಕಾಂಗ್ರೆಸ್ಸಿಗೆ ಸಿಕ್ಕಿದ್ದೂ 70ರಲ್ಲಿ 52 ಸೀಟು! ಬಿಜೆಪಿಗೆ ಉಳಿದದ್ದು 15. ರಾಜಸ್ಥಾನವೂ ಅವತ್ತೇ ಕೈತಪ್ಪಿತು. ದೆಹಲಿ ಗದ್ದುಗೆ ಮತ್ತೆ ಸಿಗಲು ಅವರು 2025ರ ಫೆಬ್ರವರಿವರೆಗೆ ಕಾಯಬೇಕಾಯಿತು. 1980ರಲ್ಲಿ ಇಂದಿರಾ ಗಾಂಧಿಯವರೂ ಇದೇ ಈರುಳ್ಳಿಯನ್ನು ಪ್ರಚಾರಕ್ಕೆ ಹಿಡಿದು ವಾಪಸ್ ಬಂದಿದ್ದರು. ಬೇರೆ ಯಾವ ತರಕಾರಿಗೆ ಈ ತಾಕತ್ತಿದೆ ಹೇಳಿ?

ಆ ಪೆಟ್ಟು ತಿಂದ ಮೇಲೆ ಎಲ್ಲ ಸರ್ಕಾರಗಳಿಗೂ ಈರುಳ್ಳಿ ಅಂದರೆ ನಡುಕ. 2019ರ ಸೆಪ್ಟೆಂಬರ್‌ನಲ್ಲಿ ರಫ್ತು ಬಂದ್. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ್. 2023ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ. ಟಿವಿಯವರು ಎರಡು ದಿನ ಕೂಗಿದ್ದಕ್ಕೇ ಆತುರಪಟ್ಟರು ಅಂತ ಪಂಡಿತರು ಬೈಯುತ್ತಾರೆ. ಪಡಲಿ! ಆತುರಪಡದ ಸರ್ಕಾರ ಯಾರಿಗೆ ಬೇಕು? ಐದು ವರ್ಷಕ್ಕೊಮ್ಮೆ ಬರುವವರು ಎರಡು ದಿನಕ್ಕಾದರೂ ನಮಗೆ ಹೆದರುತ್ತಾರೆ ಅಂದರೆ ಅದು ಈರುಳ್ಳಿಯ ಪುಣ್ಯ. ಮನೆಗೆಲಸದವರು, ಆಟೊ ಓಡಿಸುವವರು, ಗಾಡಿಯಲ್ಲಿ ಎಗ್‌ರೈಸ್ ಮಾಡುವವರು ಸಚಿವರ ಮನೆಗೆ ನಿಯೋಗ ಹೋಗಲಾರರು. ಅವರ ಪರವಾಗಿ ಮಾತಾಡುವುದು ಕೆಜಿಯ ರೇಟು ಮಾತ್ರ.

ರೈತರಿಗೆ ಅನ್ಯಾಯ ಅನ್ನುತ್ತಾರೆ. ಈ ಮಾತು ಹೇಳುವವರಲ್ಲಿ ಎಷ್ಟು ಜನ ಮಣ್ಣು ಮುಟ್ಟಿದ್ದಾರೆ, ಎಷ್ಟು ಜನ ದುಬೈಗೆ ಕಂಟೇನರ್ ತುಂಬುತ್ತಾರೆ ಅಂತ ಒಮ್ಮೆ ಎಣಿಸಿ ನೋಡಿ. 2024ರ ಲೋಕಸಭೆ ಚುನಾವಣೆಯಲ್ಲಿ ಈರುಳ್ಳಿ ಬೆಳೆಯುವ ನಾಸಿಕ್‌ ಕಡೆ ಆಳುವವರು ಸೋತದ್ದು ಈರುಳ್ಳಿಯಿಂದಲೇ ಎಂದೂ ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಆಗ ಎರಡು ಪಕ್ಷ ಒಡೆದು ನಾಲ್ಕಾಗಿದ್ದವು. ಅಂಥ ಗೊಂದಲದ ಚುನಾವಣೆಯ ಸೋಲನ್ನೆಲ್ಲ ಒಂದು ತರಕಾರಿಯ ತಲೆಗೆ ಕಟ್ಟೋದು ಯಾವ ನ್ಯಾಯ, ಅಲ್ವಾ?

ವಿರೋಧ: ಬೀಗ ಹಾಕಿದರೆ ಬೆಳೆ ಬರುವುದಿಲ್ಲ
(ಚಳ್ಳಕೆರೆ ಕಡೆಯವರು, ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ)

"ನೀವು ಈರುಳ್ಳಿ ಬೆಳೆಯುವ ಮನೆಯವರು, ವಿರೋಧ ನೀವೇ ಬರೀರಿ" ಅಂತ ಸಂಪಾದಕರು ಹೇಳಿದರು. ಬರೆಯುತ್ತೇನೆ. ಆದರೆ ಆ್ಯಪ್‌ನಲ್ಲಿ ಈರುಳ್ಳಿ 80 ಅಂತ ಕಂಡರೆ ನಾನೂ ಮುಖ ಸಿಂಡರಿಸುವವಳೇ. ಊರಲ್ಲಿ ಒಂದು ಮನಸ್ಸು, ಇಲ್ಲಿ ಒಂದು ಮನಸ್ಸು.

ಮೊದಲು ದೆಹಲಿ ವಿಷಯ. 1998ರಲ್ಲಿ ಅಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಜನ ಸತ್ತಿದ್ದರು. ಕರೆಂಟ್ ಇರಲಿಲ್ಲ. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳಾಗಿದ್ದರು. ಅದೇ ನವೆಂಬರ್ 25ರಂದು ಮಧ್ಯಪ್ರದೇಶದಲ್ಲೂ ಮತದಾನ ನಡೆಯಿತು. ಅಲ್ಲಿ ಆಳುತ್ತಿದ್ದ ದಿಗ್ವಿಜಯ್ ಸಿಂಗ್ ಮತ್ತೆ ಗೆದ್ದರು. ಭೋಪಾಲದಲ್ಲೇನು ಈರುಳ್ಳಿ ಪುಕ್ಕಟೆ ಸಿಗುತ್ತಿತ್ತಾ?

2019ರಲ್ಲಿ ರಫ್ತು ನಿಲ್ಲಿಸಿದ್ದು ಸೆಪ್ಟೆಂಬರ್ 29ಕ್ಕೆ. ಮಹಾರಾಷ್ಟ್ರ, ಹರಿಯಾಣದಲ್ಲಿ ಮತದಾನ ಇದ್ದದ್ದು ಅಕ್ಟೋಬರ್ 21ಕ್ಕೆ. ಬೆಲೆ ಇಳಿಯಿತಾ? ಮಳೆಗೆ ಬೆಳೆ ಹೊಲದಲ್ಲೇ ಕೊಳೆತಿತ್ತು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಕೆಜಿಗೆ 150, ಕೆಲವು ಕಡೆ 200. 2023ರ ಡಿಸೆಂಬರ್‌ ನಿಷೇಧಕ್ಕೆ ಬೆಲೆ ಇಳಿಯಿತು ನಿಜ. ನಾಸಿಕ್ ಮಂಡಿಗಳಲ್ಲಿ ರೈತನ ಕೈಗೆ ಸಿಗುವ ದರ ಅರ್ಧಕ್ಕಿಂತ ಕೆಳಗೆ ಹೋಯಿತು. ನಿಷೇಧ ತೆಗೆದದ್ದು 2024ರ ಮೇ 4ಕ್ಕೆ, ಅದೂ ಶೇ 40 ಸುಂಕ ಉಳಿಸಿಕೊಂಡು. ನಾಸಿಕ್, ದಿಂಡೋರಿಯಲ್ಲಿ ಮೇ 20ಕ್ಕೆ ಮತದಾನ. ದಿಂಡೋರಿಯಲ್ಲಿ ಕೇಂದ್ರ ಸಚಿವೆಯೇ ಸೋತರು. ಸೆಪ್ಟೆಂಬರ್‌ನಲ್ಲಿ ಸುಂಕ ಶೇ 20ಕ್ಕೆ ಇಳಿಯಿತು, ಯಾಕಂದರೆ ಮುಂದೆ ವಿಧಾನಸಭೆ ಚುನಾವಣೆ. ಇನ್ನು ಬೀಜ ಚೆಲ್ಲುವ ಮುಂಚೆ ಪಂಚಾಂಗದ ಬದಲು ಚುನಾವಣಾ ಆಯೋಗದ ವೇಳಾಪಟ್ಟಿ ನೋಡಬೇಕು.

ಬೆಲೆ ಬಿದ್ದಾಗ ಈ ಆತುರ ಎಲ್ಲಿರುತ್ತೆ? 2022ರ ನವೆಂಬರ್‌ನಲ್ಲಿ ಗದಗದ ರೈತರೊಬ್ಬರು ಯಶವಂತಪುರಕ್ಕೆ 205 ಕೆಜಿ ಈರುಳ್ಳಿ ತಂದರು. ಲಾರಿ ಬಾಡಿಗೆ, ಹಮಾಲಿ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಚೀಟಿಯ ಫೋಟೊ ಎಲ್ಲರ ಮೊಬೈಲಿಗೂ ಬಂತು. ಆಗ ರಫ್ತು ನಿಷೇಧ ಇರಲಿಲ್ಲ, ಒಪ್ಪುತ್ತೇನೆ. ಆದರೆ ಅವತ್ತು ರಾತ್ರೋರಾತ್ರಿ ಯಾವ ಆದೇಶವೂ ಹೊರಡಲಿಲ್ಲ.

ನಮ್ಮ ಮನೆಯದ್ದೂ ಹೇಳಿಬಿಡುತ್ತೇನೆ. 2020ರ ಸೆಪ್ಟೆಂಬರ್ 14ರ ರಾತ್ರಿ ನಿಷೇಧದ ಸುದ್ದಿ ಬಂತು. ಅಪ್ಪನ ಈರುಳ್ಳಿ ಕಿತ್ತು ಹೊಲದಲ್ಲೇ ರಾಶಿ ಹಾಕಿ, ಮೇಲೆ ಟಾರ್ಪಾಲು ಹೊದಿಸಿದ್ದರು. ಮೋಡ ಬೇರೆ ಕವಿದಿತ್ತು. ಹಿಂದಿನ ದಿನ ದರ ಮಾತಾಡಿ ಹೋಗಿದ್ದ ವ್ಯಾಪಾರಿ ಬೆಳಿಗ್ಗೆ ಬಂದವನೇ ಮೊಬೈಲ್ ತೆಗೆದು ಅಪ್ಪನ ಮುಂದೆ ಹಿಡಿದ. ಟಿವಿ ಸುದ್ದಿಯ ತುಣುಕು. "ನೋಡಣ್ಣ, ಡೆಲ್ಲಿಯಿಂದಲೇ ಬಂದ್. ಈಗ ಕೊಟ್ರೆ ಇಷ್ಟು, ನಾಳೆ ನಂಗೇ ಬೇಡ." ಅವ್ವ ನಾಲ್ಕು ದಿನ ತಡಿ ಅಂದಳು. ಅಪ್ಪ ಕೇಳಲಿಲ್ಲ. ಹೇಳಿದ ದರಕ್ಕೆ ಪೂರಾ ರಾಶಿ ಕೊಟ್ಟುಬಿಟ್ಟ. ಸಂಜೆಯೊಳಗೆ ಹೊಲ ಖಾಲಿ.

ಅಕ್ಟೋಬರ್‌ನಲ್ಲಿ ಮಳೆ ಹಿಡಿಯಿತು, ದರ ಮತ್ತೆ ಏರಿತು. ನಿಷೇಧ ಹಾಗೇ ಇತ್ತು. ಏರಿದ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ದೀಪಾವಳಿಗೆ ನಾನು ಊರಿಗೆ ಹೋದಾಗ ಮನೆಯಲ್ಲಿ ಈರುಳ್ಳಿ ಮುಗಿದಿತ್ತು. ಅಪ್ಪ ಸಂತೆಗೆ ಹೋಗಿ ಎರಡು ಕೆಜಿ ಕೊಂಡು ತಂದ. ಎಷ್ಟಾಯ್ತಪ್ಪಾ ಅಂದೆ. ಚೀಲವನ್ನು ಅವ್ವನ ಕೈಗೆ ಕೊಟ್ಟು ಸುಮ್ನೆ ದನದ ಕೊಟ್ಟಿಗೆ ಕಡೆ ಹೋದ.