ರಜೆ ದಿನದ ಟಿಟಿಗೆ ಮೆಡಲ್ ಬೇಡ, ತಿರುವಿನಲ್ಲಿ ನಿಲ್ಲುವ ಜನ ಬೇಕು

ರಜೆ ದಿನ ಬೆಳಗ್ಗೆ ಒಂದು ಸೈಕಲ್ ಟೈಮ್ ಟ್ರಯಲ್ (ಟಿಟಿ) ಮಾಡೋಣ ಅಂತ ಗ್ರೂಪಿನಲ್ಲಿ ಯಾರಾದರೂ ಹಾಕಿದರೆ ಸಾಕು, ಮೊದಲು ಬರುವ ಪ್ರಶ್ನೆ ಮೆಡಲ್ ಹೇಗಿರಬೇಕು ಅನ್ನೋದು. ಆಮೇಲೆ ಟೀ ಶರ್ಟ್ ಬಣ್ಣ. ಆಮೇಲೆ ಗಾಳಿ ತುಂಬಿದ ಕಮಾನು, ಮೈಕು, ಡ್ರೋನು. ಗಡಿಯಾರ ಯಾರ ಕೈಲಿ, ತಿರುವಿನಲ್ಲಿ ಯಾರು ನಿಲ್ಲಬೇಕು, ಕೊನೆಯವರು ಬರುವವರೆಗೆ ಯಾರು ಕಾಯಬೇಕು ಅನ್ನೋದು ನೆನಪಾಗುವುದು ಹಿಂದಿನ ರಾತ್ರಿ. ನನ್ನ ಪ್ರಕಾರ ಈ ಪಟ್ಟಿಯನ್ನು ಬುಡಮೇಲು ಮಾಡಬೇಕು. ಕೊನೆಯ ಮೂರು ಸರಿಯಾಗಿದ್ದರೆ ಟಿಟಿ ಆಯಿತು ಅಂತಲೇ ಅರ್ಥ. ಉಳಿದದ್ದು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಹೊಸಬರಿಗೆ ಒಂದು ಮಾತು. ಟಿಟಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಮಿಷಕ್ಕೊಬ್ಬರು ಹೊರಡುತ್ತಾರೆ. ಮುಂದಿನವರ ಹಿಂದೆ ಅಂಟಿಕೊಂಡು ಗಾಳಿಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಯಾರು ಮೊದಲು ಬಂದರು ಅನ್ನೋದಕ್ಕೆ ಬೆಲೆಯಿಲ್ಲ, ಎಷ್ಟು ಹೊತ್ತಿನಲ್ಲಿ ಬಂದರು ಅನ್ನೋದಷ್ಟೇ ಲೆಕ್ಕ. ಹಾಗಾಗಿ ನಲವತ್ತನೇ ಸ್ಥಾನಕ್ಕೆ ಬಂದವರಿಗೂ ಅಲ್ಲಿ ಪೂರ್ತಿ ಒಂದು ರೇಸ್ ಇರುತ್ತದೆ. ಅವರ ಎದುರಾಳಿ ಅವರದೇ ಕಳೆದ ಸಲದ ಟೈಮ್. ಗುಂಪಿನ ರೇಸ್‌ನಲ್ಲಿ ಹತ್ತನೇ ನಿಮಿಷಕ್ಕೇ ಹಿಂದುಳಿದವರಿಗೆ ಆಮೇಲೆ ಮಾಡೋದಕ್ಕೆ ಏನೂ ಇರುವುದಿಲ್ಲ, ಅಲ್ವಾ?

ಇದು ಹುಟ್ಟಿದ್ದು ಕೂಡ ಆಡಂಬರದಿಂದ ಅಲ್ಲ, ಅಂಜಿಕೆಯಿಂದ. 1894ರ ಜುಲೈನಲ್ಲಿ ಇಂಗ್ಲೆಂಡಿನ ನಾರ್ತ್ ರೋಡ್‌ನಲ್ಲಿ ನಡೆದ ಗುಂಪಿನ ರೇಸ್ ಒಂದರಲ್ಲಿ ಗಾಡಿಯ ಕುದುರೆ ಬೆದರಿ ಸವಾರರು ಬಿದ್ದರು, ದೂರು ಪೊಲೀಸರವರೆಗೆ ಹೋಯಿತು. ಬಿದ್ದವರಲ್ಲಿ ಫ್ರೆಡ್ರಿಕ್ ಬಿಡ್ಲೇಕ್ ಕೂಡ ಒಬ್ಬರು. ರಸ್ತೆ ರೇಸ್‌ಗೇ ಕುತ್ತು ಬರುತ್ತದೆ ಅಂತ ಅವರು ಹುಡುಕಿದ ದಾರಿ ಇದು: ಒಬ್ಬೊಬ್ಬರನ್ನೇ ಬಿಡಿ, ನೋಡಿದವರಿಗೆ ರೇಸ್ ಅಂತ ಗೊತ್ತೇ ಆಗಬಾರದು. 1895ರ ಅಕ್ಟೋಬರ್ 5ರಂದು 50 ಮೈಲಿಯ ಮೊದಲ ಟಿಟಿ ನಡೆಯಿತು. ಆಮೇಲೆ ಎಷ್ಟೋ ವರ್ಷ ಅಲ್ಲಿನ ಸವಾರರು ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹಾಕಿಕೊಂಡು, ನಸುಕಿನಲ್ಲಿ, ಗುಟ್ಟಾಗಿ ಸ್ಪರ್ಧೆ ಮಾಡುತ್ತಿದ್ದರು. ರಸ್ತೆಯ ಹೆಸರನ್ನು ಕೂಡ ಹೇಳದೆ ಅಕ್ಷರ ಮತ್ತು ಅಂಕಿಯ ಸಂಕೇತದಲ್ಲಿ ಬರೆಯುತ್ತಿದ್ದರು. ಆ ಸಂಕೇತಗಳು ಅಲ್ಲಿ ಇವತ್ತಿಗೂ ಬಳಕೆಯಲ್ಲಿವೆ. ಕಪ್ಪು ಬಟ್ಟೆ ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಸದ್ದು ಮಾಡದೆ ಬಂದು, ಸದ್ದು ಮಾಡದೆ ಹೋಗುವ ಆ ಗುಣ ಉಳಿಸಿಕೊಳ್ಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ರಜೆ ದಿನ ಬೆಳಗ್ಗೆ ಆರು ಗಂಟೆಗೆ ಮೈಕ್ ಹಚ್ಚಿ ಅಕ್ಕಪಕ್ಕದವರ ನಿದ್ದೆ ಕೆಡಿಸಿದರೆ ಮುಂದಿನ ಸಲ ಅನುಮತಿ ಕೇಳೋಕೆ ಯಾವ ಮುಖ ಇಟ್ಟುಕೊಂಡು ಹೋಗೋದು?

ಈಗ ಗಡಿಯಾರದ ವಿಷಯ. ಎಲೆಕ್ಟ್ರಾನಿಕ್ ಚಿಪ್ ಇಲ್ಲದೆ ಟಿಟಿ ಆಗೋದಿಲ್ಲ ಅಂತ ವಾದ ಮಾಡುವವರನ್ನು ನೋಡಿದ್ದೇನೆ. ಹಳೆಯ ಉಪಾಯ ಒಂದಿದೆ, ಇದಕ್ಕಿಂತ ಸುಲಭ ಯಾವುದೂ ಇಲ್ಲ. ಬಿಬ್ ನಂಬರನ್ನೇ, ಅಂದರೆ ಸವಾರರು ಅಂಗಿಗೆ ಅಂಟಿಸಿಕೊಳ್ಳುವ ನಂಬರನ್ನೇ, ಹೊರಡುವ ನಿಮಿಷ ಮಾಡಿ. ಸರಿಯಾಗಿ 6:30ಕ್ಕೆ ಗಡಿಯಾರ ಶುರು. 1ನೇ ನಂಬರ್ 6:31ಕ್ಕೆ, 17ನೇ ನಂಬರ್ 6:47ಕ್ಕೆ ಹೊರಡುತ್ತಾರೆ. ಫಿನಿಶ್‌ನಲ್ಲಿ 17 ಬಂದಾಗ ಗಡಿಯಾರ 51 ನಿಮಿಷ 40 ಸೆಕೆಂಡ್ ತೋರಿಸಿದರೆ ಅದರಿಂದ 17 ಕಳೆಯಿರಿ. 34 ನಿಮಿಷ 40 ಸೆಕೆಂಡ್. ಮುಗೀತು. ಒಬ್ಬರು ಟೈಮ್ ಓದಬೇಕು, ಇನ್ನೊಬ್ಬರು ನಂಬರ್ ಜೊತೆ ಬರೆಯಬೇಕು. ಓದುವವರು ಬರೆಯಬಾರದು, ಬರೆಯುವವರು ತಲೆ ಎತ್ತಬಾರದು. ಪಕ್ಕದಲ್ಲಿ ಒಂದು ಫೋನ್ ನಿಲ್ಲಿಸಿ, ಗಡಿಯಾರವೂ ಗೆರೆಯೂ ಕಾಣುವ ಹಾಗೆ ವಿಡಿಯೋ ಹಾಕಿಬಿಡಿ. ಇಬ್ಬರು ಒಟ್ಟಿಗೆ ಗೆರೆ ದಾಟಿದಾಗ ಅದು ಕಾಪಾಡುತ್ತದೆ. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ನೋಡ್ಕೊಂಡ್ರಾಯ್ತು ಅನ್ನುವವರಿಗೆ ನನ್ನ ಉತ್ತರ: ಬೇಡ. ಜಿಪಿಎಸ್ ಆಚೀಚೆ ಸರಿಯುತ್ತದೆ, ಶುರು ಮತ್ತು ಕೊನೆಯ ಬಿಂದು ಒಬ್ಬೊಬ್ಬರ ಸಾಧನದಲ್ಲಿ ಒಂದೊಂದು ಕಡೆ ಬೀಳುತ್ತದೆ. ನಾಲ್ಕು ಸೆಕೆಂಡ್ ಸುಮ್ನೆ ಹೋಗುತ್ತದೆ.

ನಾಲ್ಕು ಸೆಕೆಂಡ್‌ಗೆ ಇಷ್ಟು ರಂಪ ಯಾಕೆ ಅಂತ ಕೇಳಬಹುದು. 1989ರ ಟೂರ್ ಡಿ ಫ್ರಾನ್ಸ್ ನೆನಪಿಸಿಕೊಳ್ಳಿ. ಕೊನೆಯ ದಿನ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟಿಟಿ. ಗ್ರೆಗ್ ಲೆಮಾಂಡ್ ಒಟ್ಟು ಲೆಕ್ಕದಲ್ಲಿ ಮುಂದಿದ್ದ ಲೊರಾನ್ ಫಿನ್ಯೋಗಿಂತ 50 ಸೆಕೆಂಡ್ ಹಿಂದಿದ್ದರು. ಆ ದಿನ ಫಿನ್ಯೋಗಿಂತ 58 ಸೆಕೆಂಡ್ ಬೇಗ ಬಂದರು. ಮೂರು ಸಾವಿರ ಕಿ.ಮೀ. ದಾಟಿದ ರೇಸ್ 8 ಸೆಕೆಂಡ್‌ನಲ್ಲಿ ತೀರ್ಮಾನವಾಯಿತು. ಅದೇ ಟೂರ್‌ನ ಮೊದಲ ದಿನ ಇನ್ನೊಂದು ನಡೆದಿತ್ತು. ಹಿಂದಿನ ವರ್ಷ ಗೆದ್ದಿದ್ದ ಪೆಡ್ರೋ ಡೆಲ್ಗಾಡೊ ಲಕ್ಸಂಬರ್ಗ್‌ನ ಟಿಟಿಗೆ 2 ನಿಮಿಷ 40 ಸೆಕೆಂಡ್ ತಡವಾಗಿ ಬಂದರು. ಗಡಿಯಾರ ಅವರಿಗಾಗಿ ನಿಲ್ಲಲಿಲ್ಲ. ಅಷ್ಟೂ ಸಮಯ ಅವರ ಲೆಕ್ಕಕ್ಕೇ ಸೇರಿತು.

ನಮ್ಮ ಹವ್ಯಾಸಿ ಟಿಟಿಯಲ್ಲೂ ಇದೇ ನಡೆಯಬೇಕು. ತಡವಾಗಿ ಬಂದವರನ್ನು ಬೈಯಬೇಡಿ, ವಾಪಸ್ ಕಳಿಸಲೂಬೇಡಿ. ಯಾರೂ ಹೊರಡದ ಖಾಲಿ ಗಳಿಗೆ ನೋಡಿ ಬಿಡಿ. ಆದರೆ ಅವರ ನಿಮಿಷ ಅವರ ಬಿಬ್ ಮೇಲಿನದೇ. "ಅಣ್ಣಾ, ಪಾರ್ಕಿಂಗ್ ಸಿಗಲಿಲ್ಲ, ನಂದು ಕೊನೆಗೆ ಹಾಕಿಬಿಡಿ" ಅಂದರೆ ನಕ್ಕು ಸುಮ್ಮನಾಗಬೇಕು. ಒಬ್ಬರಿಗೆ ಬದಲಾಯಿಸಿದರೆ ಇಡೀ ಪಟ್ಟಿ ಹಾಳು. ಬಾರದವರ ಜಾಗ ಖಾಲಿಯೇ ಇರಲಿ, ಹಿಂದಿನವರನ್ನು ಮುಂದಕ್ಕೆ ತಳ್ಳಬೇಡಿ.

ಇನ್ನು ತಿರುವು. ಹೋಗಿ ಬರುವ ರಸ್ತೆಯಲ್ಲಿ ಇಡೀ ಟಿಟಿಯ ಅಪಾಯ ಕೂಡಿಕೊಂಡು ನಿಂತಿರುವುದು ಅಲ್ಲೇ. ನಲವತ್ತರ ವೇಗದಲ್ಲಿ, ತಲೆ ತಗ್ಗಿಸಿಕೊಂಡು, ಉಸಿರು ಸಿಗದೆ ಬಂದವರು ಒಂದು ಕೋನ್ ಸುತ್ತ ತಿರುಗಬೇಕು. ಎದುರಿನಿಂದ ವಾಹನ, ಹಿಂದಿನಿಂದ ವಾಹನ. ಸಾಧ್ಯವಾದರೆ ರಸ್ತೆ ಮಧ್ಯದ ಕೋನ್ ಬಿಟ್ಟು ಒಂದು ವೃತ್ತವನ್ನೇ ತಿರುವು ಮಾಡಿಕೊಳ್ಳಿ. ಆಗದಿದ್ದರೆ ಎರಡೂ ಕಡೆ ದೂರದವರೆಗೆ ಕಾಣುವ ಜಾಗ ಹುಡುಕಿ, ಏರು ಇಳಿದ ಕೂಡಲೇ ಇಡಬೇಡಿ. ಮತ್ತೆ, ಒಂದು ಪೊರಕೆ ತೆಗೆದುಕೊಂಡು ಹೋಗಿ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ತಿರುವಿನ ಹೊರಗಡೆ ಸಣ್ಣ ಮರಳು, ಜಲ್ಲಿ ಚೂರು ಸೇರಿಕೊಂಡಿರುತ್ತದೆ. ನಡೆಯುವವರ ಕಣ್ಣಿಗೆ ಅದು ಕಾಣೋದೇ ಇಲ್ಲ. ಸಪೂರ ಟೈರಿನ ಸೈಕಲ್ ಅದರ ಮೇಲೆ ವಾಲಿದರೆ ಮುಂದಿನ ಚಕ್ರ ಸರ್ರನೆ ಜಾರಿ ಹೋಗುತ್ತದೆ. ಮಂಡಿ, ಮೊಣಕೈ, ಸೊಂಟ ಎಲ್ಲ ಒಂದೇ ಸಲ ಟಾರಿಗೆ. ಐದು ನಿಮಿಷ ಗುಡಿಸಿದರೆ ಆಗುವ ಕೆಲಸ, ಯಾರೂ ಮಾಡುವುದಿಲ್ಲ.

ತಿರುವಿನಲ್ಲಿ ಕನಿಷ್ಠ ಇಬ್ಬರು ಬೇಕು. ಒಬ್ಬರ ಕಣ್ಣು ರಸ್ತೆ ಮೇಲೆ, ಇನ್ನೊಬ್ಬರ ಕೈಯಲ್ಲಿ ಪುಸ್ತಕ, ಪೆನ್ನು. ದಾಟಿದ ಪ್ರತಿ ನಂಬರ್ ಬರೆದುಕೊಳ್ಳಬೇಕು. ಯಾರಾದರೂ ಮೊದಲೇ ತಿರುಗಿಕೊಂಡು ಬಿಟ್ಟರೆ ಗೊತ್ತಾಗುತ್ತದೆ ಅನ್ನೋದು ಸಣ್ಣ ಲಾಭ. ದೊಡ್ಡ ಲಾಭ ಬೇರೆ. 22ನೇ ನಂಬರ್ ಹೊರಟಿದ್ದಾರೆ, ತಿರುವಿಗೆ ಬಂದಿಲ್ಲ ಅಂದರೆ ದಾರಿಯಲ್ಲಿ ಏನೋ ಆಗಿದೆ. ಪಂಕ್ಚರ್ ಇರಬಹುದು, ಬಿದ್ದಿರಬಹುದು. ಆ ಪುಸ್ತಕ ಇಲ್ಲದಿದ್ದರೆ ಅವರನ್ನು ಹುಡುಕೋಕೆ ಶುರು ಮಾಡುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಒಂದು ವಿಷಯ ಹೀಗೆ ರಸ್ತೆಯಲ್ಲಿ ನಿಲ್ಲುವ ಮಾರ್ಷಲ್‌ಗಳಿಗೆ ಮೊದಲೇ ಹೇಳಿಬಿಡಿ: ವಾಹನ ತಡೆಯುವ ಕೆಲಸ ನಮ್ಮದಲ್ಲ, ಅದು ಪೊಲೀಸರದು. ನಾವು ಎಚ್ಚರಿಸಬಹುದು, ಅಷ್ಟೇ. ಸವಾರರಿಗೂ ಅದನ್ನೇ ಹೇಳಿ, ರಸ್ತೆ ನಿಮ್ಮದಲ್ಲ, ವಾಹನ ಬಂದರೆ ಕಾಯಿರಿ, ಟೈಮ್ ಹೋದರೆ ಹೋಗಲಿ.

ರಜೆ ದಿನ ಅಂದರೆ ರಸ್ತೆ ಖಾಲಿ ಅನ್ನೋದು ಅರ್ಧ ನಿಜ. ಕಚೇರಿಗೆ ಓಡುವ ವಾಹನ ಇರುವುದಿಲ್ಲ, ಸರಿ. ಆದರೆ ರಾತ್ರಿಯೆಲ್ಲ ಎದ್ದಿದ್ದು ನಸುಕಿನಲ್ಲಿ ಮನೆಗೆ ಹೊರಟವರ ಕಾರು ಇರುತ್ತದೆ. ಎಂಟು ಗಂಟೆ ಆದ ಮೇಲೆ ಮಕ್ಕಳು, ನಾಯಿ, ವಾಕಿಂಗ್ ಹೋಗುವವರು. ಪೂರ್ವ ಪಶ್ಚಿಮ ರಸ್ತೆಯಾದರೆ ಇನ್ನೊಂದು ತೊಂದರೆ: ಸೂರ್ಯ ಕೆಳಗಿರುವಾಗ ಡ್ರೈವರ್ ಕಣ್ಣಿಗೆ ಬೆಳಕು ಬಿದ್ದು ಮುಂದಿರುವ ಸೈಕಲ್ ಕಾಣುವುದೇ ಇಲ್ಲ. ಅದಕ್ಕೇ ಹಿಂದಿನ ದೀಪ ಇಲ್ಲದವರನ್ನು ನಾನು ಹೊರಡಲು ಬಿಡುವುದಿಲ್ಲ. ಹೆಲ್ಮೆಟ್ ಬಗ್ಗೆಯಂತೂ ಮಾತೇ ಇಲ್ಲ.

ಗಾಳಿ ಬಗ್ಗೆ ಪ್ರತಿ ಸಲ ಒಂದು ಜಗಳ ಬರುತ್ತದೆ. ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ, ಲೆಕ್ಕ ಸಮ ಆಯ್ತಲ್ಲ ಅನ್ನುತ್ತಾರೆ. ಆಗೋದಿಲ್ಲ. 10 ಕಿ.ಮೀ. 30ರ ವೇಗದಲ್ಲಿ ಹೋದರೆ 20 ನಿಮಿಷ, 40ರಲ್ಲಿ ಬಂದರೆ 15 ನಿಮಿಷ. ಒಟ್ಟು 35 ನಿಮಿಷ, ಅಂದರೆ ಸರಾಸರಿ 34.3, 35 ಅಲ್ಲ. ನಿಧಾನವಾಗಿ ಹೋಗುವ ಕಡೆ ಜಾಸ್ತಿ ಹೊತ್ತು ಇರುತ್ತೀರಿ, ಅದಕ್ಕೆ. ಗಾಳಿಯ ತಡೆಯನ್ನಷ್ಟೇ ತೆಗೆದುಕೊಂಡರೆ 30ರಿಂದ 40ಕ್ಕೆ ಏರಲು ಸುಮಾರು 2.4 ಪಟ್ಟು ಶಕ್ತಿ ಬೇಕು. ಆದ್ದರಿಂದಲೇ ಏರೋ ಬಾರ್ (ಮುಂದಕ್ಕೆ ಬಾಗಿ ಗಾಳಿ ತಡೆ ತಗ್ಗಿಸುವ ಹ್ಯಾಂಡಲ್) ಹಾಕಿದ ಸೈಕಲ್ ಮತ್ತು ಮಾಮೂಲಿ ಸೈಕಲ್‌ಗಳನ್ನು ಒಂದೇ ಪಟ್ಟಿಯಲ್ಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕೆಲವು ಕಡೆ ಮಾಮೂಲಿ ಸೈಕಲ್ ವಿಭಾಗಕ್ಕೆ ಎಡ್ಡಿ ಮರ್ಕ್ಸ್ ಹೆಸರಿಟ್ಟಿದ್ದಾರೆ. 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಬಾಗಿದ ಹ್ಯಾಂಡಲ್‌ನ ಸೈಕಲ್‌ನಲ್ಲೇ ಒಂದು ಗಂಟೆಗೆ 49.431 ಕಿ.ಮೀ. ಓಡಿಸಿದವರು ಅವರು. ಒಳ್ಳೆಯ ಹೆಸರು.

ನನಗೆ ನಿಜವಾಗಿ ಸಿಟ್ಟು ಬರುವ ವಿಷಯ ಇದು. ಒಂದು ಕಡೆ ಕಣ್ಣಾರೆ ನೋಡಿದ್ದೇನೆ. ಗೆದ್ದವರ ಫೋಟೋ ಮುಗಿದಿತ್ತು. ಟೇಬಲ್ ಮಡಚಿ ವ್ಯಾನ್‌ಗೆ ಹಾಕುತ್ತಿದ್ದರು. ಆಗ ಮುಂದೆ ಬುಟ್ಟಿ ಇರುವ ಸೈಕಲ್‌ನಲ್ಲಿ, ಬೆವರಿಗೆ ಬಿಬ್ ಅರ್ಧ ಕಿತ್ತುಬಂದ ಒಬ್ಬ ಹೆಂಗಸು ಬಂದರು. ಗೆರೆ ಎಲ್ಲಿ ಅಂತಲೂ ಗೊತ್ತಾಗುವ ಹಾಗಿರಲಿಲ್ಲ. "ಸರ್, ನನ್ನ ಟೈಮ್ ಎಷ್ಟು?" ಅಂತ ಕೇಳಿದರು. ಅಲ್ಲಿದ್ದವರು "ಅಯ್ಯೋ, ಮುಗೀತಲ್ಲ ಮೇಡಂ" ಅಂದರು. ದುಡ್ಡು ಕಟ್ಟಿ, ಬೆಳಗ್ಗೆ ನಾಲ್ಕಕ್ಕೆ ಎದ್ದು, ಪೂರ್ತಿ ದೂರ ಓಡಿಸಿದವರಿಗೆ ಕೊಡಬೇಕಾಗಿದ್ದ ಒಂದೇ ಒಂದು ವಸ್ತು ಆ ಟೈಮ್. ಅದನ್ನೇ ಕೊಡಲಿಲ್ಲ. ಕೈಗೆ ಮಾತ್ರ ಮೆಡಲ್ ಬಂತು.

ಇದಕ್ಕೆ ಸ್ಟಾರ್ಟ್ ಶೀಟ್‌ನಲ್ಲೇ, ಅಂದರೆ ಯಾರು ಯಾವಾಗ ಹೊರಡಬೇಕು ಅನ್ನುವ ಪಟ್ಟಿಯಲ್ಲೇ, ಮದ್ದಿದೆ. ನಿಧಾನದವರನ್ನು ಮೊದಲು ಬಿಡಿ, ವೇಗದವರನ್ನು ಕೊನೆಗೆ. ಆಗ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಮುಟ್ಟುತ್ತಾರೆ. ಖಾಲಿ ರಸ್ತೆಗೆ ಯಾರೂ ಬರಬೇಕಿಲ್ಲ. ಮಾರ್ಷಲ್‌ಗಳೂ ಬೇಗ ಮನೆಗೆ ಹೋಗಬಹುದು. ಹಿಂದಿಕ್ಕುವುದು ಜಾಸ್ತಿ ಆಗುತ್ತದೆ ನಿಜ. ಅದಕ್ಕೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮವೇ ಸಾಕು: ಪಕ್ಕಕ್ಕೆ 2 ಮೀಟರ್, ಹಿಂದಕ್ಕೆ 25 ಮೀಟರ್ ಅಂತರ. ಹಿಂದಿಕ್ಕಿಸಿಕೊಂಡವರಿಗೂ ಅದರಲ್ಲೊಂದು ಮಜಾ ಇದೆ. 1967ರಲ್ಲಿ ಇಂಗ್ಲೆಂಡಿನ 12 ಗಂಟೆಯ ಟಿಟಿಯಲ್ಲಿ (ಇದರಲ್ಲಿ ಅಷ್ಟು ಹೊತ್ತಿನಲ್ಲಿ ಎಷ್ಟು ದೂರ ಅನ್ನೋದು ಲೆಕ್ಕ) ಬೆರಿಲ್ ಬರ್ಟನ್, ತಮಗಿಂತ ಮುಂಚೆ ಹೊರಟ ಗಂಡಸರನ್ನೆಲ್ಲ ದಾಟುತ್ತಾ ಬಂದು, ಪುರುಷರ ದಾಖಲೆಯತ್ತ ಹೊರಟಿದ್ದ ಮೈಕ್ ಮೆಕ್‌ನಮಾರಾ ಅವರನ್ನೂ ಹಿಡಿದರು. ಪಕ್ಕಕ್ಕೆ ಬಂದಾಗ ಕೈಚಾಚಿ ಒಂದು ಮಿಠಾಯಿ ಕೊಟ್ಟರು, ಅವರು ಥ್ಯಾಂಕ್ಸ್ ಹೇಳಿ ತಿಂದರು. ಬರ್ಟನ್ ಆ ದಿನ ಓಡಿಸಿದ್ದು 277.25 ಮೈಲಿ. ಪುರುಷರಲ್ಲಿ ಅದನ್ನು ದಾಟುವವರು ಬಂದಿದ್ದು 1969ರಲ್ಲಿ.

ಫಲಿತಾಂಶ ಅವತ್ತೇ ಮಧ್ಯಾಹ್ನದೊಳಗೆ ಹಾಕಬೇಕು. ಮೊದಲ ಮೂವರದ್ದಲ್ಲ, ಎಲ್ಲರದ್ದು. ಹೊರಡದವರ, ಅರ್ಧಕ್ಕೆ ನಿಂತವರ ಹೆಸರೂ ಇರಲಿ. ಪಕ್ಕದಲ್ಲಿ ಒಂದು ಕಾಲಂ, ಕಳೆದ ಸಲಕ್ಕಿಂತ ಎಷ್ಟು ಕಮ್ಮಿ, ಎಷ್ಟು ಜಾಸ್ತಿ. ಜನ ಮೊದಲು ನೋಡುವುದು ಅದನ್ನೇ.

ಮಾರ್ಷಲ್ ಎಲ್ಲಿಂದ ತರೋದು ಅಂತ ಕೇಳುವವರಿಗೆ: ಮೂರು ಸಲ ಓಡಿಸಿದವರು ಒಂದು ಸಲ ನಿಲ್ಲಬೇಕು ಅಂತ ನಿಯಮ ಮಾಡಿ. ವೇಗದವರಿಗೂ ವಿನಾಯಿತಿ ಕೊಡಬೇಡಿ. ಮುಂದಿನ ರಜೆಗೆ ನಮಗೆ ತಿರುವಿನಲ್ಲಿ ಇಬ್ಬರು, ಫಿನಿಶ್‌ನಲ್ಲಿ ಬರೆಯೋಕೆ ಒಬ್ಬರು ಬೇಕಾಗಿದ್ದಾರೆ. ಕೈಬರಹ ಓದುವ ಹಾಗಿದ್ದರೆ ಸಾಕು. ಪೊರಕೆ ನಾನೇ ತರುತ್ತೇನೆ.