ಮೂರನೇ ಸಲ ಗೀ ರೋಸ್ಟ್ ಬಡಿಸಿಕೊಂಡವರಿಗೆ

ನಿನ್ನೆ ಸಂತೆಕಟ್ಟೆ ಹತ್ತಿರ ಒಂದು ಮದುವೆ ಊಟ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಇದ್ದವರು ನಮ್ಮ ಪಕ್ಕದ ಮನೆಯವರು. ಅವರು ಫೇಸ್‌ಬುಕ್‌ನಲ್ಲಿ ಇಲ್ಲ, ಅವರ ಸೊಸೆ ಇದ್ದಾಳೆ. (ಓದುತ್ತಿದ್ದರೆ ನಮಸ್ಕಾರ ಮಗಾ, ನಿನ್ನ ಮೇಲೆ ಏನೂ ಸಿಟ್ಟಿಲ್ಲ.) ನೀರು ದೋಸೆಗೆ ಮಶ್ರೂಮ್ ಗೀ ರೋಸ್ಟ್ ಇಟ್ಟಿದ್ದರು. ಕೆಂಪಗೆ, ತುಪ್ಪ ಬಿಟ್ಟುಕೊಂಡು, ಒಂದೊಂದು ಅಣಬೆಯೂ ಅರ್ಧ ನಿಂಬೆಹಣ್ಣಿನಷ್ಟು. ಅವರು ಒಂದು ಸಲ ಹಾಕಿಸಿಕೊಂಡರು, ತಿಂದರು, ಮತ್ತೆ ಬಂದರು. ಮೂರನೇ ಸಲ ಬಂದಾಗ ಬಡಿಸುವ ಹುಡುಗನೇ ನಕ್ಕ. "ಎಂತ ಸಾಫ್ಟ್ ಮಾರಾಯ್ರೆ, ಬೆಣ್ಣೆ ಹಾಗೆ ಉಂಟು" ಎಂದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪೋಸ್ಟ್ ಇರುತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸಿಗೆ ನನ್ನನ್ನು ತೋರಿಸಿ, "ಇವರು ಮನೆ ಹಿಂದೆ ಸೆಗಣಿಯಲ್ಲಿ ಅಣಬೆ ಮಾಡ್ತಾರೆ. ನಮಗೆ ಒಂದೊಂದು ದಿನ ಕಿಟಕಿ ತೆರೆಯಲಿಕ್ಕಿಲ್ಲ. ಅಂಥದ್ದನ್ನು ತಿನ್ನಲಿಕ್ಕೆ ಮನಸ್ಸಾದರೂ ಹೇಗೆ ಬರ್ತದೆ ಅಂತ" ಎಂದುಬಿಟ್ಟರು. ಬಾಯಿಯಲ್ಲಿ ಇನ್ನೂ ಅಣಬೆ ಇತ್ತು. ಅವರ ಬಾಯಿಯಲ್ಲಿ.

ನನ್ನ ಬಾಯಿಯಲ್ಲೂ ದೋಸೆ ಇದ್ದ ಕಾರಣ ಏನೂ ಹೇಳಲಿಲ್ಲ. ಸುಮ್ನೆ ನಕ್ಕೆ. ಮನೆಗೆ ಬಂದ ಮೇಲೆ ರಾತ್ರಿ ಹನ್ನೊಂದರವರೆಗೆ ಹೇಳಬೇಕಾದದ್ದೆಲ್ಲ ನೆನಪಾಯಿತು. ಪಾಪ ನಮ್ಮನೆಯವರು ಕೇಳಿ ಕೇಳಿ ಸುಸ್ತಾಗಿ ಮಲಗಿದರು. ಈಗ ನಿಮ್ಮ ಸರದಿ.

ಮೊದಲನೆಯದಾಗಿ, ಅದು ಸೆಗಣಿ ಅಲ್ಲ. ಕೋಳಿ ಗೊಬ್ಬರ. (ಹೀಗೆ ಹೇಳಿದರೆ ನನ್ನ ಮರ್ಯಾದೆ ಇನ್ನೂ ಸ್ವಲ್ಪ ಹೋಗುತ್ತದೆ ಎಂದು ಗೊತ್ತು.) ಎರಡನೆಯದು, ಅವರು ಮೂರು ಸಲ ಬಡಿಸಿಕೊಂಡರಲ್ಲ, ಆ ಬಟನ್ ಅಣಬೆ ಬೆಳೆಯುವುದೂ ಅಂಥದ್ದರಲ್ಲೇ. ಹುಲ್ಲು, ಕೋಳಿ ಗೊಬ್ಬರ ಅಥವಾ ಕುದುರೆ ಲದ್ದಿ, ಸ್ವಲ್ಪ ತೌಡು, ಜಿಪ್ಸಂ. ಇದನ್ನು ಕೊಳೆಸಿ ಹದ ಮಾಡದೆ ಆ ಬಿಳಿ ಗುಂಡಿ ಹುಟ್ಟುವುದೇ ಇಲ್ಲ. ಪ್ಯಾರಿಸ್ಸಿನ ತೋಟಗಾರರು 17ನೇ ಶತಮಾನದಲ್ಲೇ ಕುದುರೆ ಲದ್ದಿಯ ಮೇಲೆ ಇದನ್ನು ಬೆಳೆಸುತ್ತಿದ್ದರು. ಇವತ್ತು ಸೂಪರ್ ಮಾರ್ಕೆಟ್ಟಿನ ಫ್ರಿಜ್‌ನಲ್ಲಿ ನೀಲಿ ಡಬ್ಬಿಯಲ್ಲಿ ಕೂತಿರುವುದೂ ಅದರದ್ದೇ ಮೊಮ್ಮಗ. ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿದ ಕೂಡಲೇ ಮಡಿ ಆಗಿಬಿಡುತ್ತದೆ, ಅಲ್ವಾ?

ಅವರ ಅಂಗಳದಲ್ಲಿ ನಲವತ್ತು ಮಲ್ಲಿಗೆ ಗಿಡ ಉಂಟು. ಉಡುಪಿ ಮಲ್ಲಿಗೆ, ಅದರ ಪರಿಮಳಕ್ಕೆ ಎರಡು ಮಾತಿಲ್ಲ. ಅದರ ಬುಡಕ್ಕೆ ಏನು ಹೊಯ್ಯುತ್ತಾರೆ? ನೆಲಗಡಲೆ ಹಿಂಡಿಯನ್ನೂ ಸೆಗಣಿಯನ್ನೂ ಡ್ರಮ್ಮಿನಲ್ಲಿ ನೆನೆಹಾಕಿ, ನಾಲ್ಕೈದು ದಿನ ಕೊಳೆಸಿ, ಕದಡಿ ಹೊಯ್ಯುತ್ತಾರೆ. ಆ ಡ್ರಮ್ಮಿನ ಮುಚ್ಚಳ ತೆಗೆದ ದಿನ ನಮ್ಮ ಮನೆಯ ಬೆಕ್ಕು ಗೇಟಿನ ಹತ್ತಿರವೂ ಹೋಗುವುದಿಲ್ಲ. ನಾನು ಯಾವತ್ತಾದರೂ ಒಂದು ಮಾತು ಹೇಳಿದ್ದೇನಾ? ಹೂವಿಗೆ ಹಾಕಿದರೆ ಗೊಬ್ಬರ, ಅಣಬೆಗೆ ಹಾಕಿದರೆ ಅಸಹ್ಯ. ಮಟ್ಟು ಗುಳ್ಳದ (ನಮ್ಮ ಮಟ್ಟು ಊರಿನ ಬದನೆಯ) ಗದ್ದೆಗೆ ಹಟ್ಟಿ ಗೊಬ್ಬರ ಹಾಕುವಾಗ ಯಾರೂ ಮೂಗು ಮುಚ್ಚುವುದಿಲ್ಲ, ಅದರ ಹುಳಿ ಎರಡು ಸಲ ಬಡಿಸಿಕೊಳ್ಳುತ್ತಾರೆ. ಗೀ ರೋಸ್ಟ್ ಮಾತ್ರ ಮೂರು ಸಲ. ಇರಲಿ.

ಹೊಸಬರಿಗೆ ಹೇಳುತ್ತೇನೆ, ಹಳಬರಿಗೆ ಗೊತ್ತೇ ಇದೆ. ಮೂವತ್ತೊಂದು ವರ್ಷ ಬ್ಯಾಂಕ್ ಕೌಂಟರಿನಲ್ಲಿ ನೋಟು ಎಣಿಸಿದ ಕೈ ಇದು. ರಿಟೈರ್ ಆದ ಮೇಲೆ ಎಲ್ಲರೂ ಭಜನೆಗೆ ಕರೆದರು, ನಾನು ಬೈಹುಲ್ಲು ತರಿಸಿದೆ.

ಈಗ ಆ "ವಾಸನೆ" ಎಂಬುದರ ಬಗ್ಗೆ. ನಾನು ಮಾಡುವ ರಾಶಿ ಸಣ್ಣದು. ನೂರು ಕೆಜಿ ಬೈಹುಲ್ಲಿಗೆ ನಲವತ್ತು ಕೆಜಿ ಒಣ ಕೋಳಿ ಗೊಬ್ಬರ, ಏಳು ಕೆಜಿ ತೌಡು, ಒಂದೂವರೆ ಕೆಜಿ ಯೂರಿಯಾ, ಮೂರು ಕೆಜಿ ಜಿಪ್ಸಂ. ಹುಲ್ಲನ್ನು ಕತ್ತರಿಸಿ, ಎರಡು ದಿನ ನೀರು ಚಿಮುಕಿಸಿ ನೆನೆಸಿ, ಆಮೇಲೆ ಗೊಬ್ಬರ ಬೆರೆಸಿ ಎದೆಯೆತ್ತರ ಒಟ್ಟುವುದು. ಚಿಕ್ಕದಾಗಿ ಒಟ್ಟಿದರೆ ಕಾವು ಹಿಡಿಯುವುದಿಲ್ಲ. ಸರಿಯಾಗಿ ಒಟ್ಟಿದರೆ ಮೂರನೇ ದಿನ ನಡುವಿನಲ್ಲಿ 70 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರು ಗಂಟೆಗೆ ಪಿಕ್ಕಾಸಿನಲ್ಲಿ ಒಂದು ಬದಿ ಎಳೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಆವಿ ಬರುತ್ತದೆ. ಕೈ ಹಾಕಿದರೆ ಎರಡು ಸೆಕೆಂಡು ಇಡಲಾಗುವುದಿಲ್ಲ. ಒಲೆ ಇಲ್ಲ, ಕರೆಂಟಿಲ್ಲ, ಬರೀ ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಮೊದಲ ಸಲ ನೋಡಿದಾಗ ಮಗನಿಗೆ ಪುಣೆಗೆ ವಿಡಿಯೋ ಕಾಲ್ ಮಾಡಿದ್ದೆ. ಅವನು ಆಫೀಸಿನಲ್ಲಿದ್ದ. "ಅಮ್ಮಾ, ಮೀಟಿಂಗ್" ಎಂದ.

ಎರಡು ದಿನಕ್ಕೊಮ್ಮೆ ಮಗುಚಬೇಕು. ಹೊರಗಿನದ್ದು ಒಳಗೆ, ಒಳಗಿನದ್ದು ಹೊರಗೆ, ಮೇಲಿನದ್ದು ಕೆಳಗೆ. ಇಲ್ಲಿ ಸೋಮಾರಿತನ ಮಾಡಿದರೆ ಮುಗಿಯಿತು. ನಮ್ಮ ಬೈಹುಲ್ಲು ಮೆತ್ತಗೆ, ಉತ್ತರದವರ ಗೋಧಿ ಹುಲ್ಲಿನ ಹಾಗೆ ಗಡುಸಲ್ಲ. ಬೇಗ ಕುಸಿದು ಕೂರುತ್ತದೆ. ಕೂತರೆ ಒಳಗೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಕೊಳೆತ ಮೊಟ್ಟೆ ನಾತ. ಜಿಪ್ಸಂ ಹಾಕುವುದು ಅದಕ್ಕೇ, ಅಂಟಂಟಾಗದೆ ಬಿಡಿಬಿಡಿಯಾಗಿ ಇರಲಿ ಎಂದು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನಾಲ್ಕು ಹನಿ ಕಾಣಬೇಕು, ಸುರಿಯಬಾರದು. ಇದನ್ನು ಯಾವ ಮೀಟರೂ ಹೇಳುವುದಿಲ್ಲ, ಕೈಯೇ ಹೇಳಬೇಕು. ದೋಸೆ ಹಿಟ್ಟಿನ ಹದದ ಹಾಗೆ.

ಹಾಗಾದರೆ ವಾಸನೆ ಇಲ್ಲವಾ? ಇದೆ. ಮೊದಲ ಐದಾರು ದಿನ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಪಕ್ಕದ ಮನೆಯವರಿಗೆ ಗೊತ್ತಿಲ್ಲದ್ದು ಏನೆಂದರೆ, ಈ ಇಡೀ ಕೆಲಸ ಇರುವುದೇ ಆ ವಾಸನೆಯನ್ನು ತೆಗೆಯಲಿಕ್ಕೆ. ಅಮೋನಿಯಾ ಉಳಿದರೆ ಅಣಬೆಯ ಬೀಜ ಸಾಯುತ್ತದೆ. ಹನ್ನೆರಡು ಹದಿಮೂರು ದಿನ ಹೊರಗೆ ಮಗುಚಿ ಆದ ಮೇಲೆ ಡ್ರಮ್ಮಿಗೆ ತುಂಬುತ್ತೇನೆ. ತಳಕ್ಕೆ ಬಚ್ಚಲಿನ ಹಂಡೆಯಿಂದ ಆವಿ ಕೊಟ್ಟು 58-60 ಡಿಗ್ರಿಯಲ್ಲಿ ಏಳೆಂಟು ಗಂಟೆ. ನೊಣದ ಮೊಟ್ಟೆ, ಹುಳ, ಬೇಡದ ರೋಗಾಣು ಎಲ್ಲ ಅಲ್ಲಿಗೆ ಖಲಾಸ್. ಆಮೇಲೆ 45-48 ಡಿಗ್ರಿಗೆ ಇಳಿಸಿ, ಡ್ರಮ್ಮಿಗೆ ಗೋಣಿ, ಹಳೆ ಕಂಬಳಿ ಸುತ್ತಿ, ಗಾಳಿ ಆಡಲು ಬಿಟ್ಟು ನಾಲ್ಕೈದು ದಿನ ಕಾಯುವುದು. ಐದನೇ ದಿನ ತೆರೆದರೆ ಹುಲ್ಲಿನ ಮೇಲೆಲ್ಲ ಬೂದಿ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ಬೂಸ್ಟು ಎಂದು ಹೆದರಬೇಡಿ, ಅದು ಬರಬೇಕಾದದ್ದೇ. ಬಣ್ಣ ಕಾಫಿ ಪುಡಿಯದು. ವಾಸನೆ? ಮೊದಲ ಮಳೆಗೆ ತೋಟದ ತರಗೆಲೆ ಅಡಿಯ ಮಣ್ಣು ಮೂಸಿದ್ದೀರಲ್ಲ, ಅದು. ಒಂದು ಮುಷ್ಟಿ ತಗೊಂಡು ಹೋಗಿ ಅವರ ಮೂಗಿಗೆ ಹಿಡಿಯೋಣ ಎಂದು ಎಷ್ಟು ಸಲ ಅನ್ನಿಸಿದೆಯೋ.

ಕಮೆಂಟ್ ಹಾಕುವವರು ಈಗಲೇ ಟೈಪ್ ಮಾಡಲು ಶುರು ಮಾಡಿರುತ್ತೀರಿ. "ಅಕ್ಕ, ಚಿಪ್ಪಣಬೆ ಬೆಳೆಸಬಹುದಲ್ಲ? ಗೊಬ್ಬರ ಬೇಡ, ವಾಸನೆ ಇಲ್ಲ, ನಮ್ಮ ಸೆಕೆಗೂ ಆಗುತ್ತದೆ." ಆಗುತ್ತದೆ. ಬೈಹುಲ್ಲನ್ನು ಬಿಸಿನೀರಿನಲ್ಲಿ ಹದ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಪದರಪದರಕ್ಕೆ ಬೀಜ ಹಾಕಿ, ಕತ್ತಲೆ ಕೋಣೆಯಲ್ಲಿ ತೂಗುಹಾಕಿದರೆ ಹದಿನೈದು ಇಪ್ಪತ್ತು ದಿನಕ್ಕೆ ಚೀಲ ಬೆಳ್ಳಗಾಗುತ್ತದೆ. ಹಾಲಣಬೆ ಇನ್ನೂ ಒಳ್ಳೆಯದು, 30-35 ಡಿಗ್ರಿಗೂ ಜಗ್ಗುವುದಿಲ್ಲ. ನಾಲ್ಕು ವರ್ಷ ಅದನ್ನೇ ಮಾಡಿದ್ದೇನೆ ಮಾರಾಯ್ರೆ. ಮೊದಲು ಮಾಡುವವರು ಅದನ್ನೇ ಮಾಡಿ, ನಾನೇ ಹೇಳುತ್ತೇನೆ. ಆದರೆ ನೀರು ದೋಸೆ ಚೆನ್ನಾಗಿ ಬರುತ್ತದೆ ಎಂದು ಪತ್ರೊಡೆ ಮಾಡುವುದನ್ನು ಬಿಡುತ್ತೀರಾ? ಕಷ್ಟ ಇರುವುದರಲ್ಲೇ ನನಗೆ ರುಚಿ. ಬೇರೆ ಕಾರಣ ಇಲ್ಲ. ಮಗನ ಖಾಲಿ ಕೋಣೆಗೆ ಥರ್ಮೊಕೋಲ್ ಹೊಡೆಸಿ, ಏಸಿ 17ಕ್ಕೆ ಇಟ್ಟು ಬಟನ್ ಬೆಳೆಸುತ್ತೇನೆ. ಹಿಮಾಚಲದ ಸೋಲನ್‌ನ ಬೆಟ್ಟದವರಿಗೆ ಚಳಿಗಾಲದಲ್ಲಿ ಪುಕ್ಕಟೆ ಸಿಗುವ ಚಳಿಗೆ ನಾನು ಕರೆಂಟ್ ಬಿಲ್ ಕಟ್ಟುತ್ತೇನೆ. ಬಿಲ್ ಬಂದ ದಿನ ನಮ್ಮನೆಯವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಮಾರುಕಟ್ಟೆಯಲ್ಲಿ ಕೊಂಡರೆ ಕಾಲುಭಾಗದ ದುಡ್ಡಿಗೆ ಆಗುತ್ತಿತ್ತು. ಲೆಕ್ಕ ನನಗೂ ಬರುತ್ತದೆ, ಬ್ಯಾಂಕಿನಲ್ಲಿದ್ದೆ.

ಇನ್ನು ಕೆಲವರು ಉಂಟು, ಅವರ ಮೇಲೆ ಪಕ್ಕದ ಮನೆಯವರಿಗಿಂತ ಸಿಟ್ಟು. "ಹಸಿ ಸೆಗಣಿಗೆ ಬೀಜ ಚೆಲ್ಲಿ, ವಾರದಲ್ಲಿ ಅಣಬೆ" ಎಂದು ರೀಲ್ಸ್ ಮಾಡುವವರು. ಇವರಿಂದಲೇ ನಮ್ಮ ಹೆಸರು ಹಾಳು. ಹಸಿ ಗೊಬ್ಬರಕ್ಕೆ ಹಾಕಿದರೆ ಬರುವುದು ಹಸಿರು ಬೂಸ್ಟು, ನೊಣ, ಮತ್ತು ಅಕ್ಕಪಕ್ಕದವರ ಶಾಪ. ನನಗೆ ಹೇಗೆ ಗೊತ್ತು ಎಂದರೆ, ಎರಡನೇ ಸಲ ಅವಸರ ಮಾಡಿ ಅಮೋನಿಯಾ ಪೂರ್ತಿ ಹೋಗುವ ಮೊದಲೇ ಬೀಜ ಹಾಕಿದ್ದೆ. ಒಂದು ಬೆಳಿಗ್ಗೆ ನಮ್ಮನೆಯವರು ಖುಷಿಯಲ್ಲಿ ಕೂಗಿದರು, "ಬಾರೇ, ಬಂತು ನಿನ್ನ ಅಣಬೆ!" ಹೋಗಿ ನೋಡಿದರೆ ಸಪೂರ ಕಾಲಿನ, ಬೂದು ಟೊಪ್ಪಿಯ ಕಳೆ ಅಣಬೆ, ಹಿಂಡುಹಿಂಡು. ಸಾಯಂಕಾಲಕ್ಕೆ ಟೊಪ್ಪಿ ಕರಗಿ ಕಪ್ಪು ಶಾಯಿಯಾಗಿ ತೊಟ್ಟಿಕ್ಕಿತು. ಅಮೋನಿಯಾ ಉಳಿದಿದೆ ಎಂದು ಅದೇ ಬರೆದುಕೊಟ್ಟ ಚೀಟಿ. ಆ ಸಲ ಇಡೀ ರಾಶಿ ತೆಂಗಿನ ಬುಡಕ್ಕೆ ಹೋಯಿತು. ತೆಂಗಿಗೆ ಭಾರೀ ಖುಷಿ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಹೇಳದೆ ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ.

ಪಕ್ಕದ ಮನೆಯವರು ಒಂದು ಸಲ ನಿಜವಾಗಿ ಕಿಟಕಿ ಮುಚ್ಚಿದ್ದರು. ನನ್ನ ಮೊದಲ ರಾಶಿ, ಎರಡು ವರ್ಷದ ಹಿಂದಿನ ಜೂನ್. ನಮ್ಮ ಊರಿನ ಜೂನ್‌ನಲ್ಲಿ ಹೊರಗೆ ರಾಶಿ ಒಟ್ಟುವವರು ಮೂರ್ಖರು, ನಾನು ಒಟ್ಟಿದೆ. ಮೇಲೆ ಹಾಕಿದ್ದ ತಗಡಿನಲ್ಲಿ ತೂತು. ಐದು ದಿನ ಬಿಡದೆ ಮಳೆ. ನನಗೆ ಸೊಂಟ ಹಿಡಿದು ಮಗುಚಲಿಲ್ಲ. ಆರನೇ ದಿನ ಅದು ಗೊಬ್ಬರವಾಗಿ ಉಳಿದಿರಲಿಲ್ಲ, ಕಪ್ಪು ಗಂಜಿಯಾಗಿತ್ತು. ಆವತ್ತೇ ಅವರ ಮನೆಯಲ್ಲಿ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಜಗಲಿಯಲ್ಲಿ ಕೂತವರು ಒಬ್ಬೊಬ್ಬರಾಗಿ ಒಳಗೆ ಎದ್ದುಹೋದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಒಲೆ ಆರಿಸಿ, ಲೈಟ್ ಆರಿಸಿ, ಮನೆಯಲ್ಲಿ ಯಾರೂ ಇಲ್ಲದ ಹಾಗೆ ಕೂತೆ. ಸಂಬಂಧ ಕೂಡಿಬಂತು, ಮದುವೆಯೂ ಆಯಿತು, ದೇವರು ದೊಡ್ಡವನು. ಆದರೆ ನಾನು ಇವತ್ತಿನವರೆಗೆ ಅವರ ಹತ್ತಿರ ಹೋಗಿ "ತಪ್ಪಾಯ್ತು ಮಾರಾಯ್ರೆ" ಎಂದಿಲ್ಲ. ಮದುವೆಗೆ ಹೋಗಿ ಉಂಡು ಬಂದಿದ್ದೇನೆ. ಅಲ್ಲೂ ಮಶ್ರೂಮ್ ಇತ್ತು, ಅದು ಬೇರೆ ಮಾತು.

ಈಗ ರಾಶಿ ಮಾಡುವುದು ನವೆಂಬರ್ ನಂತರವೇ, ಗಟ್ಟಿ ಮಾಡಿನ ಕೆಳಗೆ, ಅವರ ಕಿಟಕಿಗೆ ಬೆನ್ನು ಹಾಕಿ. ಆ ಜೂನ್ ಆದ ಮೇಲೆ ಒಂದು ದಿನವೂ ಮಗುಚುವುದನ್ನು ತಪ್ಪಿಸಿಲ್ಲ. ಆದರೂ ಅವರಿಗೆ ಮೂಗಿನಲ್ಲಿ ಉಳಿದಿರುವುದು ಆ ಒಂದೇ ರಾಶಿ. ಸ್ವಲ್ಪ ನ್ಯಾಯವೂ ಉಂಟು ಅನ್ನಿ. ಹಾಗಂತ ಮೂರು ಸಲ ಬಡಿಸಿಕೊಂಡು ನಾಲ್ಕು ಜನರ ಎದುರು ಹೇಳಬೇಕಿತ್ತಾ?

ಈಗ ಬಟನ್ ಬೀಜ ಹಾಕಿಟ್ಟ ಗೊಬ್ಬರದ ಚೀಲಗಳ ಮೇಲೆ ತೆಂಗಿನ ನಾರಿನ ಪುಡಿಯ ಹೊದಿಕೆ ಹಾಕಿ ಹದಿನಾರು ದಿನ ಆಯಿತು. ನಿನ್ನೆ ರಾತ್ರಿ ಸಿಟ್ಟಿನಲ್ಲೇ ಟಾರ್ಚ್ ಹಿಡಿದು ಮಗನ ಕೋಣೆಗೆ ಹೋದೆ. ಸಾಸಿವೆಯಷ್ಟು ದೊಡ್ಡ ಬಿಳಿ ಮೊಗ್ಗು, ಒಂದು ಮೂಲೆಯಲ್ಲಿ ಏಳು ಎಣಿಸಿದೆ. ಬೆಳಿಗ್ಗೆ ನೋಡಿದರೆ ಎಣಿಸಲಾಗುವುದಿಲ್ಲ. ಇನ್ನು ಒಂದು ವಾರ. ಮೊದಲ ಕೊಯ್ಲಿನಲ್ಲಿ ಅರ್ಧ ಕೆಜಿ ಪಕ್ಕದ ಮನೆಗೆ ಕೊಡಬೇಕು ಎಂದು ನಮ್ಮನೆಯವರು ಹೇಳುತ್ತಾರೆ. ಕೊಡುವಾಗ ಜೂನ್ ವಿಷಯವೂ ಹೇಳಿಬಿಡು ಎನ್ನುತ್ತಾರೆ. ನೋಡುವ. ಕಾಲು ಕೆಜಿ ಕೊಡಬಹುದು.

ಶನಿವಾರ ಘಟ್ಟದ ಮೇಲಿನಿಂದ ಬೈಹುಲ್ಲಿನ ಲಾರಿ ಬರುತ್ತದೆ. ಗೇಟಿನಿಂದ ಹಿತ್ತಿಲಿಗೆ ಹೊರಲು ಯಾರಾದರೂ ಗಟ್ಟಿ ಸೊಂಟದವರು ಇದ್ದರೆ ತಿಳಿಸಿ. ಊಟ ನಮ್ಮಲ್ಲೇ. ಅಣಬೆ ಇರುವುದಿಲ್ಲ, ಬಂಗುಡೆ ಉಂಟು.